ಆಳಿಗೊಂದು ಕಲ್ಲು

ಆ ಬಾವಿಯ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬ್ಯಾಂಕಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಹೇಳಿದ್ದೇನೆ. ಮಕ್ಕಳು ಚಿಕ್ಕವರಿದ್ದಾಗ ಮಲಗಿಸೋಕೆ ಹೇಳಿದ್ದೇನೆ. 'ನಮ್ಮೂರಲ್ಲಿ ತೋಳ ಇತ್ತು ಗೊತ್ತಾ' ಅಂತ ಶುರು ಮಾಡಿದರೆ ಸಾಕು, ಹಾಸನದ ಜನ ತುತ್ತು ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಕತೆ ಮುಗಿದ ಮೇಲೆ ಕೆಲವರು 'ಅಯ್ಯೋ ಪಾಪ' ಅನ್ನುತ್ತಾರೆ, ಕೆಲವರು 'ಒಳ್ಳೇದೇ ಆಯ್ತು ಬಿಡಿ' ಅನ್ನುತ್ತಾರೆ. ಎರಡಕ್ಕೂ ನಾನು ತಲೆ ಆಡಿಸುತ್ತೇನೆ. ಒಂದು ಮಾಗಿಯಲ್ಲಿ ಊರಿಗೆ ಹೋಗಿದ್ದಾಗ ದೊಡ್ಡಮ್ಮನ ಮನೆ ಜಗಲಿಯ ಮೇಲೆ ಅದೇ ಕತೆ ಹೇಳಿದೆ. ಎದುರಿಗೆ ಕೂತಿದ್ದ ಹುಡುಗಿ ಪಾಪವೂ ಅನ್ನಲಿಲ್ಲ, ಒಳ್ಳೇದೂ ಅನ್ನಲಿಲ್ಲ. 'ಅದು ಗಂಡಾ ಹೆಣ್ಣಾ ಅಕ್ಕ?' ಅಂದಳು. ಗೊತ್ತಿಲ್ಲ ಅಂದೆ. 'ಯಾವ ತಿಂಗಳು?' ಅವರೆಕಾಯಿ ಕಾಲ, ಸಂಕ್ರಾಂತಿ ಹತ್ತಿರ ಇತ್ತು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೊಲೆಯಲ್ಲಿ ಹಾಲಿತ್ತಾ? ಯಾರಾದ್ರೂ ನೋಡಿದ್ರಾ?' ಅಂತ ಕೇಳಿದಳು. ನಲವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವತ್ತಿನಿಂದ ಆ ಕತೆಯನ್ನು ನಾನು ಮತ್ತೆ ಯಾರಿಗೂ ಹೇಳಿಲ್ಲ. ಹೇಳಲು ಹೊರಟರೆ ಗಂಟಲಲ್ಲಿ ಅವಳ ಪ್ರಶ್ನೆ ಸಿಕ್ಕಿಕೊಳ್ಳುತ್ತದೆ.

ಕತೆ ಇಷ್ಟು. 1982 ಇರಬೇಕು, ನನಗೆ ಒಂಬತ್ತು ವರ್ಷ. ಅರಸೀಕೆರೆಯಲ್ಲಿ ಅಜ್ಜಿ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ, ಹಬ್ಬಕ್ಕೆ ಊರಿಗೆ ಬಂದಿದ್ದೆ. ಬೆಳಗ್ಗೆ ಇನ್ನೂ ಮಂಜು ಇತ್ತು. ಕಾವಲಿನ, ಅಂದರೆ ದನ ಮೇಯುವ ಹುಲ್ಲುಗಾವಲಿನ, ಅಂಚಿನಲ್ಲಿ ದೊಡ್ಡಪ್ಪನ ಹೊಲ, ಆ ಹೊಲದ ಮೂಲೆಯಲ್ಲಿ ಕಟ್ಟೆ ಇಲ್ಲದ ಹಾಳುಬಾವಿ. ರಾತ್ರಿ ಯಾವ ಹೊತ್ತಿನಲ್ಲೋ ಒಂದು ತೋಳ ಅದಕ್ಕೆ ಬಿದ್ದಿತ್ತು. ನಾವು ಓಡಿ ಹೋಗುವಷ್ಟರಲ್ಲಿ ಊರೇ ಸೇರಿತ್ತು. ನಾನು ದೊಡ್ಡಪ್ಪನ ಕಾಲುಗಳ ಸಂದಿನಿಂದ ಬಗ್ಗಿ ನೋಡಿದೆ. ದೊಡ್ಡ ಪ್ರಾಣಿ ಅಂದುಕೊಂಡಿದ್ದೆ. ಅದು ನಮ್ಮ ಬೀದಿ ನಾಯಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಕಾಲು ಉದ್ದ, ಹೊಟ್ಟೆ ಒಳಕ್ಕೆ ಹೋಗಿತ್ತು. ಮಳೆಗೆ ನೆನೆದು ಒಣಗಿದ ರಾಗಿಹುಲ್ಲಿನ ಬಣ್ಣ, ಬೆನ್ನ ಮೇಲೆ ಮಸಿ ಉದುರಿಸಿದ ಹಾಗೆ ಕಪ್ಪು. ಅದು ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಕೆಸರಿನಲ್ಲಿ ಸುತ್ತು ಬರುತ್ತಿತ್ತು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ನಿಂತು ಮೇಲೆ ನೋಡುತ್ತಿತ್ತು. ಆ ಜಾಗದಲ್ಲಿ ಬಾವಿಯ ಗೋಡೆ ಸ್ವಲ್ಪ ಕುಸಿದು ಇಳಿಜಾರಾಗಿತ್ತು.

ಎಸೆಯೋದು ಗಂಡು ಹುಡುಗರ ಕೆಲಸ. ಆರಿಸಿ ಕೊಡೋದು ನಮ್ಮದು. 'ಹಿಡಿಗಾತ್ರದ್ದು ನೋಡ್ರೇ, ಚಪ್ಪಟೆ ಬೇಡ' ಅಂತ ಯಾರೋ ಕೂಗಿದರು. ನಮ್ಮ ಕಡೆ ಬೆಣಚುಕಲ್ಲಿಗೇನು ಬರ. ನಾನು ಲಂಗವನ್ನು ಮಡಿಲು ಮಾಡಿಕೊಂಡು ಬಿಳಿ ಬಿಳಿ ಕಲ್ಲು ಆರಿಸಿದೆ. ಚೆನ್ನಾಗಿಯೇ ಆರಿಸಿದೆ. ಒಂದು ಸಲ ಮಡಿಲು ಖಾಲಿಯಾದ ಮೇಲೆ ಇನ್ನೊಂದು ಸಲ ಹೋಗಿ ತುಂಬಿಕೊಂಡು ಬಂದೆ. ಅರ್ಧ ಗಂಟೆಯೂ ಆಗಲಿಲ್ಲ. ಆಮೇಲೆ ಇಬ್ಬರು ಹಗ್ಗ ಹಿಡಿದು ಇಳಿದರು. ಅದನ್ನು ಬೊಂಬಿಗೆ ಕಟ್ಟಿ, ತಮಟೆ ಹೊಡೆಸಿಕೊಂಡು ಮೂರು ಊರು ಸುತ್ತಿಸಿದರು. ರಾಗಿ ಬಂತು, ಚಿಲ್ಲರೆ ಬಂತು, ಒಂದು ಮನೆಯವರು ತೆಂಗಿನಕಾಯಿ ಕೊಟ್ಟರು. ಆ ವರ್ಷ ದೊಡ್ಡಪ್ಪನ ಮಂದೆಯಿಂದ ಐದು ಮರಿ ಹೋಗಿದ್ದವು. ಅವರ ಕೊರಳಿಗೆ ಯಾರೋ ಚೆಂಡುಹೂವಿನ ಹಾರ ಹಾಕಿದರು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಗಾದೆಯನ್ನು ಆಮೇಲೆ ಶಾಲೆಯಲ್ಲಿ ಓದಿದಾಗ, ಮೇಷ್ಟ್ರು ಇದರ ಅರ್ಥ ಕಷ್ಟದಲ್ಲಿರುವವರನ್ನು ಎಲ್ಲರೂ ತುಳಿಯುತ್ತಾರೆ ಅಂತ ಬರೆಸಿದರು. ನಾನು ಕೈ ಎತ್ತಿ, ಸಾರ್ ನಮ್ಮೂರಲ್ಲಿ ನಿಜವಾಗ್ಲೂ ಹಾಗೇ ಆಯ್ತು ಅಂದೆ. ಆ ಕತೆಯನ್ನು ನಾನು ಹೇಳಿದ ಮೊದಲ ಸಲ ಅದು. ಅವತ್ತಿನಿಂದಲೇ ಒಂದು ಸಾಲು ಸೇರಿಸಿಕೊಂಡೆ: 'ನಾನು ಮಾತ್ರ ಕಲ್ಲು ಎಸೆಯಲಿಲ್ಲ.' ಸುಳ್ಳೇನಲ್ಲ.

ಕಾಡಿಲ್ಲದ ಕಾಡುಪ್ರಾಣಿ

ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಜನರ ಕಣ್ಣ ಮುಂದೆ ಬರೋದು ಕಾಫಿ ತೋಟ, ಮುಳ್ಳಯ್ಯನಗಿರಿ, ಭದ್ರಾ ಕಾಡಿನ ಹುಲಿ. ನಾವು ಕಡೂರಿನವರು ಅಂದರೆ 'ಓ, ಆ ಕಡೆನಾ' ಅಂತ ದನಿ ಒಂದು ಮೆಟ್ಟಿಲು ಇಳಿಯುತ್ತದೆ. ಆ ಕಡೆಯೇ. ಮಳೆ ಕಮ್ಮಿ, ಮಣ್ಣು ಕೆಂಪು, ಕಣ್ಣು ಹಾಯಿಸಿದಷ್ಟು ದೂರ ಬಯಲು. ಅಮೃತಮಹಲ್ ದನಗಳಿಗೆ ಅಂತ ರಾಜರ ಕಾಲದಲ್ಲಿ ಬಿಟ್ಟ ಕಾವಲುಗಳು ಇನ್ನೂ ಅಲ್ಲಲ್ಲಿ ಉಳಿದಿರೋದು ಈ ಕಡೆಯೇ. ಹುಲ್ಲು, ತಂಗಡಿ, ಕಾರೆ, ಅಲ್ಲೊಂದು ಇಲ್ಲೊಂದು ಜಾಲಿ. ಮಲೆನಾಡಿನವರು ನೋಡಿದರೆ 'ಇಲ್ಲೇನಿದೆ' ಅನ್ನುತ್ತಾರೆ. ಸರ್ಕಾರದ ಕಡತವೂ ಅದನ್ನೇ ಹೇಳುತ್ತದೆ. ಇಂಥ ಹುಲ್ಲುಗಾವಲಿಗೆ ಅಲ್ಲಿರುವ ಹೆಸರು ಬೀಳು ಭೂಮಿ.

ಆದರೆ ತೋಳಕ್ಕೆ ಬೇಕಾಗಿದ್ದು ಇದೇ. ದಟ್ಟ ಕಾಡಿನಲ್ಲಿ ಅದಕ್ಕೆ ಕೆಲಸವಿಲ್ಲ. ದೂರದಿಂದ ನೋಡಬೇಕು, ಓಡಿಸಬೇಕು, ಸುಸ್ತು ಮಾಡಬೇಕು. ಅದರ ಬೇಟೆಯ ರೀತಿಯೇ ಬಯಲಿನದು. ಹಾಗಾಗಿ ಕಾಡು ಉಳಿಸುವ ಲೆಕ್ಕದಲ್ಲಿ ತೋಳ ಯಾವತ್ತೂ ಬರಲೇ ಇಲ್ಲ. ಕಾಡು ಮಾಡುವ ಲೆಕ್ಕದಲ್ಲಿ ಮಾತ್ರ ಬಂತು, ಅದೂ ತಲೆಕೆಳಗಾಗಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಾವಲಿನ ಒಂದು ಮಗ್ಗುಲಿಗೆ ಗುಂಡಿ ತೋಡಿ ಸಾಲಾಗಿ ನೀಲಗಿರಿ ನೆಟ್ಟರು. ಹಸಿರಾಯಿತು ಅಂತ ಎಲ್ಲರಿಗೂ ಖುಷಿ. ಹುಲ್ಲು ಹೋಯಿತು, ಮೊಲ ಹೋಯಿತು, ಕೃಷ್ಣಮೃಗ ಆ ಕಡೆ ಕಾಲಿಡಲಿಲ್ಲ. ಆಮೇಲೆ ಬೋರ್‌ವೆಲ್ ಬಂತು, ಬೋರ್‌ವೆಲ್ ಹಿಂದೆ ಅಡಿಕೆ ಬಂತು, ಅಡಿಕೆ ಹಿಂದೆ ತಂತಿ ಬೇಲಿ ಬಂತು. ಬಯಲು ಸೀಮೆಯಲ್ಲಿ ಅಡಿಕೆ ಬೆಳೆಯೋದನ್ನು ನಮ್ಮ ತಾತ ನೋಡಿದ್ದರೆ ನಗುತ್ತಿದ್ದರು. ನಾನು ನಗುವ ಹಾಗಿಲ್ಲ, ನನ್ನ ತಮ್ಮನದೇ ಎರಡೆಕರೆ ಇದೆ.

ನಮ್ಮ ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಸುಮಾರು 7.36 ಚದರ ಕಿಲೋಮೀಟರ್. ನಮ್ಮ ಎಕರೆ ಲೆಕ್ಕದಲ್ಲಿ ಹೆಚ್ಚುಕಡಿಮೆ 1,800. ಒಳ್ಳೆಯ ಕೆಲಸವೇ. ಕೃಷ್ಣಮೃಗಕ್ಕೆ ಅದು ಜೀವ. ಆದರೆ ಒಂದು ತೋಳದ ಸಂಸಾರ ಓಡಾಡುವ ಜಾಗ ನೂರು ಚದರ ಕಿಲೋಮೀಟರನ್ನೂ ಮೀರುತ್ತದೆ. ರಾತ್ರಿ ಬೆಳಗಾಗುವಷ್ಟರಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ನಡೆದುಬಿಡುತ್ತದೆ. ಬಾಸೂರು ಅದಕ್ಕೆ ಮನೆಯ ನಡುಮನೆ ಇದ್ದ ಹಾಗೆ. ಹಿತ್ತಲು, ಬಚ್ಚಲು, ಅಡುಗೆಮನೆ ಎಲ್ಲ ನಮ್ಮ ಹೊಲಗಳಲ್ಲಿ. ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲೇ ತೋಳಕ್ಕೆ ಅಂತ ಮಾಡಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಚೆಲುವನಾರಾಯಣನ ಸೇವೆಗೆ, ಪುಳಿಯೋಗರೆಗೆ ಅಂತ ವರ್ಷಕ್ಕೆರಡು ಸಲ ಹೋಗುವ ನನಗೇ ಗೊತ್ತಿರಲಿಲ್ಲ. ಈಚೆಗೆ ಗಂಗಾವತಿ ಹತ್ತಿರ ಬಂಕಾಪುರದಲ್ಲೂ ಸುಮಾರು 330 ಹೆಕ್ಟೇರಿನ ತೋಳಧಾಮ ಆಗಿದೆ.

ದೇಶದಲ್ಲಿ ತೋಳ ಸುಮಾರು 3,000 ಅಂತ ಅಂದಾಜು. 2022ರ ಗಣತಿಯಲ್ಲಿ ಹುಲಿ 3,682. ವನ್ಯಜೀವಿ ಕಾನೂನಿನ ಪುಸ್ತಕದಲ್ಲೂ ಎರಡೂ ಒಂದೇ ಪಂಕ್ತಿಯಲ್ಲಿ, ಅತಿ ಹೆಚ್ಚು ರಕ್ಷಣೆ ಇರುವ ಅನುಸೂಚಿ ಒಂದರಲ್ಲಿ ಕೂತಿವೆ. ಆದರೆ ಹುಲಿಗೆ ಸಫಾರಿ ಇದೆ, ಜೀಪು ಇದೆ, ಟೀ ಶರ್ಟ್ ಇದೆ. ತೋಳಕ್ಕೆ ಇರೋದು ಒಂದು ಗಾದೆ, ಒಂದು 'ತೋಳ ಬಂತು ತೋಳ' ಕತೆ. (ಇನ್ನೊಂದಿದೆ, ನಮಗೆ ನೆನಪಾಗಲ್ಲ. ಭೀಮನನ್ನು ವೃಕೋದರ ಅಂತೀವಲ್ಲ, ವೃಕ ಅಂದರೆ ತೋಳ. ತೋಳದ ಹೊಟ್ಟೆಯವನು. ಗದಾಯುದ್ಧದ ತಾಳಮದ್ದಳೆ ಕೇಳುವಾಗ ಯಾರಿಗಾದರೂ ತೋಳ ಕಣ್ಣ ಮುಂದೆ ಬಂದಿದ್ದುಂಟಾ?)

ತೋಳದ ಮೇಡಂ

ಜಗಲಿಯಲ್ಲಿ ಆ ಪ್ರಶ್ನೆ ಕೇಳಿದ ಹುಡುಗಿ ಮಂಗಳೂರು ಕಡೆಯವಳು. ಹೆಸರು ಬರೀಬೇಡಿ ಅಕ್ಕ ಅಂದಿದ್ದಾಳೆ, ಬರೆಯುವುದಿಲ್ಲ. ತೋಳದ ಮೇಲೆ ಪಿಎಚ್‌ಡಿಗೆ ಅಂತ ಬಂದು, ದೊಡ್ಡಮ್ಮನ ಮನೆಯ ಹಿಂದಿನ ರೂಮನ್ನು ಬಾಡಿಗೆಗೆ ಹಿಡಿದಿದ್ದಳು. ಊರಿನವರಿಗೆ ಮೊದಲು ಬರೀ ಮೇಡಂ, ಆಮೇಲೆ ತೋಳದ ಮೇಡಂ. ಮದುವೆ ಆಗಿಲ್ವಾ, ಅಪ್ಪ ಅಮ್ಮ ಏನೂ ಅನ್ನಲ್ವಾ, ರಾತ್ರಿ ಹೊತ್ತು ಒಬ್ಬಳೇ ಬೈಕಲ್ಲಿ ಹೋಗ್ತೀಯಲ್ಲ ಭಯ ಆಗಲ್ವಾ, ಇವು ಮೂರು ಪ್ರಶ್ನೆಗೆ ಅವಳು ದಿನಕ್ಕೆ ಎಷ್ಟು ಸಲ ಉತ್ತರ ಕೊಡುತ್ತಿದ್ದಳೋ. ಮೂರನೆಯದಕ್ಕೆ 'ತೋಳಕ್ಕೆ ಎಂತ ಭಯ, ನಾಯಿಗೆ ಭಯ' ಅನ್ನುತ್ತಿದ್ದಳು. ನಾನು ಕೇಳಿಸಿಕೊಂಡ ಮಟ್ಟಿಗೆ ನಾಯಿ ಅಂದಾಗ ಅವಳ ಮನಸ್ಸಿನಲ್ಲಿದ್ದದ್ದು ಬರೀ ನಾಯಿ ಅಲ್ಲ.

ಕೆಲಸ ಅಂದರೆ ನೋಡೋಕೆ ಏನೂ ಚೆಂದ ಇಲ್ಲ. ತೋಳವನ್ನು ಅವಳು ಕಣ್ಣಾರೆ ನೋಡಿದ್ದು ಎಂಟು ತಿಂಗಳಲ್ಲಿ ಆರು ಸಲ. ಮಿಕ್ಕ ದಿನವೆಲ್ಲ ಗಾಡಿ ಜಾಡಿನಲ್ಲಿ ಬಗ್ಗಿ ನಡೆಯೋದು. ನಾಯಿಯ ಹೆಜ್ಜೆ ಅತ್ತಿತ್ತ ಸೊಟ್ಟ ಹೋಗುತ್ತದಂತೆ, ಮೂಸುತ್ತಾ ನಿಲ್ಲುತ್ತಾ. ತೋಳದ್ದು ದಾರ ಹಿಡಿದ ಹಾಗೆ ನೇರ, ಮುಂದಿನ ಕಾಲು ಇಟ್ಟ ಗುರುತಿನಲ್ಲೇ ಹಿಂದಿನ ಕಾಲು. ಮಧ್ಯೆ ಮಧ್ಯೆ ಅವಳಿಗೆ ಬೇಕಾದ ನಿಧಿ ಸಿಗುತ್ತಿತ್ತು. ಅದನ್ನು ಅವಳು ಸ್ಕ್ಯಾಟ್ ಅನ್ನುತ್ತಿದ್ದಳು, ದೊಡ್ಡಮ್ಮ ನೇರವಾಗಿ ತೋಳದ ಹೇಲು ಅನ್ನುತ್ತಿದ್ದರು. ಕವರಿಗೆ ಹಾಕಿ, ದಿನಾಂಕ ಬರೆದು ತಂದು, ಜರಡಿಯಲ್ಲಿಟ್ಟು ತೊಳೆದು, ಬಿಸಿಲಿಗೆ ಒಣಗಿಸುತ್ತಿದ್ದಳು. ಉಳಿಯೋದು ಕೂದಲು, ಮೂಳೆ ಚೂರು, ಕೆಲವು ಸಲ ಒಂದು ಗೊರಸು. ಕುರಿಯ ಕೂದಲಾ, ಮೊಲದ್ದಾ, ಕೃಷ್ಣಮೃಗದ್ದಾ ಅಂತ ಸೂಕ್ಷ್ಮದರ್ಶಕದಲ್ಲಿ ಗೊತ್ತಾಗುತ್ತದೆ. ಜರಡಿ ಅವಳ ಸ್ವಂತದ್ದೇ. ಆದರೂ ದೊಡ್ಡಮ್ಮ ಅವತ್ತಿನಿಂದ ತಮ್ಮ ರಾಗಿ ಜರಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕ್ಯಾಮೆರಾಗಳದು ಇನ್ನೊಂದು ಕತೆ. ಕಾವಲಿನಲ್ಲಿ ಹತ್ತು ಕಡೆ ಕಟ್ಟಿದ್ದಳು. ಬಿದ್ದ ಫೋಟೋಗಳಲ್ಲಿ ಕುರಿ ಜಾಸ್ತಿ, ಕುರಿ ಬಿಟ್ಟರೆ ನಾಯಿ, ನಾಯಿ ಬಿಟ್ಟರೆ ಬೆಳಗಿನ ಜಾವ ಚೊಂಬು ಹಿಡಿದು ಹೊರಟ ಊರಿನ ಹಿರಿಯರು. ಆ ಹಿರಿಯರ ಫೋಟೋಗಳನ್ನೆಲ್ಲ ಅವಳು ಅಲ್ಲೇ ಅಳಿಸಿಬಿಡುತ್ತಿದ್ದಳು. ಆದರೂ ಸುದ್ದಿ ಹಬ್ಬಿ ಎರಡು ಕ್ಯಾಮೆರಾ ಕಾಣೆಯಾದವು. ಕಿತ್ತುಕೊಂಡು ಹೋದವರನ್ನು ನಾನು ತಪ್ಪು ಅನ್ನಲಾರೆ.

ನನಗೆ ಅವಳ ಬಗ್ಗೆ ಬರೆಯಬೇಕು ಅನ್ನಿಸಿತ್ತು. ಮನಸ್ಸಿನಲ್ಲೇ ಸಾಲು ಕಟ್ಟಿಕೊಂಡಿದ್ದೆ. ಹೆಣ್ಣಿನ ತಾಳ್ಮೆ, ತಾಯಿಯ ಕಣ್ಣು, ಆ ಥರ. ಒಂದು ಸಂಜೆ ಅವಳಿಗೆ ಹೇಳಿಯೂ ಬಿಟ್ಟೆ. 'ತೋಳದ ಮೇಲೆ ಕೆಲಸ ಮಾಡುವ ಹೆಂಗಸರು ಜಾಸ್ತಿ ಇದ್ದಾರಲ್ಲ, ತಾಯಿ ಹೃದಯ ಇರೋದಕ್ಕೇ ಅಲ್ವಾ?' ಅವಳು ಕೈಯಲ್ಲಿದ್ದ ಕವರನ್ನು ಎತ್ತಿ ತೋರಿಸಿ, 'ಇದರಲ್ಲಿ ಎಂತ ತಾಯಿ ಹೃದಯ ಅಕ್ಕ' ಅಂದು ನಕ್ಕಳು. ಆಮೇಲೆ ಅವಳೇ ಒಂದೊಂದಾಗಿ ಹೇಳಿದಳು. ಅಮೆರಿಕದ ಡಯಾನ್ ಬಾಯ್ಡ್ 1979ರಲ್ಲಿ ಮೊಂಟಾನಾದ ಗಡಿಗೆ ಹೋದಾಗ ಅಲ್ಲಿದ್ದದ್ದು ಎಲ್ಲಿದೆ ಅಂತ ತಿಳಿಯಲು ಕೊರಳಿಗೆ ರೇಡಿಯೋ ಕಾಲರ್ ಹಾಕಿದ ಒಂದೇ ಒಂದು ಹೆಣ್ಣು ತೋಳ. ಆ ಒಂದರ ಹಿಂದೆ ಹೋಗಿ, ಕರೆಂಟಿಲ್ಲದ ಮರದ ಮನೆಯಲ್ಲಿದ್ದು, ವರ್ಷಗಟ್ಟಲೆ ಬರೆದುಕೊಂಡರು. 1986ರಲ್ಲಿ ಅಲ್ಲಿನ ಗ್ಲೇಸಿಯರ್ ಉದ್ಯಾನದಲ್ಲಿ ಮರಿಗಳಾದವು. ಅಮೆರಿಕದ ಪಶ್ಚಿಮ ಭಾಗದಲ್ಲಿ ಅಷ್ಟು ಹೊತ್ತಿಗೆ ಸುಮಾರು ಅರ್ಧ ಶತಮಾನ ತೋಳ ಮರಿ ಹಾಕಿದ್ದನ್ನು ಕಂಡವರಿರಲಿಲ್ಲ. ಲಾರೆನ್ ಹೆನೆಲಿ ಅನ್ನುವವರು ನಮ್ಮ ದೇಶದ ವಿಜ್ಞಾನಿಗಳ ಜೊತೆ ಸೇರಿ 2021ರಲ್ಲಿ ಡಿಎನ್‌ಎ ಓದಿ, ಭಾರತದ ಬಯಲಿನ ತೋಳ ಜಗತ್ತಿನ ತೋಳಗಳಲ್ಲೇ ಬಹಳ ಹಳೆಯ ಕವಲು ಅಂತ ತೋರಿಸಿದರು. ನಮ್ಮ ಇರಾವತಿ ಮಾಜಗಾಂವ್ಕರ್ ಮಹಾರಾಷ್ಟ್ರದ ಬಯಲು ಸುತ್ತಿ, ತೋಳ ಕತ್ತೆಕಿರುಬ ಎಲ್ಲ ಅಭಯಾರಣ್ಯದ ಒಳಗಲ್ಲ, ಜನರ ಹೊಲಗದ್ದೆಗಳ ನಡುವೆಯೇ ಬದುಕುತ್ತಿವೆ ಅನ್ನೋದನ್ನು ಲೆಕ್ಕ ಹಾಕಿ ಹೇಳಿದವರಲ್ಲಿ ಒಬ್ಬರು. 'ಇವರಲ್ಲಿ ಯಾರೂ ತೋಳವನ್ನು ಮುದ್ದು ಮಾಡಿಲ್ಲ. ಎಣಿಸಿದ್ದಾರೆ' ಅಂದಳು.

ಹೆಂಗಸು ಆಗಿರೋದ್ರಿಂದ ಏನೂ ವ್ಯತ್ಯಾಸವೇ ಇಲ್ವಾ ಅಂದೆ. ಯೋಚನೆ ಮಾಡಿ ಹೇಳಿದಳು: 'ಉಂಟು. ನನ್ನ ಜೊತೆ ಓದುವ ಹುಡುಗರಿಗೆ ಜಗಲಿಯಲ್ಲೇ ಟೀ ಕೊಟ್ಟು ಕಳಿಸ್ತಾರೆ. ನನ್ನನ್ನು ಅಡುಗೆಮನೆಗೆ ಬಿಡ್ತಾರೆ.'

ಬಾಣಂತಿ

ಅಡುಗೆಮನೆಯ ಬೆಲೆ ಏನು ಅಂತ ಎರಡು ದಿನ ಬಿಟ್ಟು ನೋಡಿದೆ. ನಾಲ್ಕು ತಿಂಗಳಿಂದ ಅವಳು ಊರಿನ ಗಂಡಸರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. ತೋಳದ ಗೂಡು ಎಲ್ಲಿದೆ? ಎಲ್ಲರದೂ ಒಂದೇ ಉತ್ತರ. ನಮ್ಮ ಕಡೆ ಇಲ್ಲ ಮೇಡಂ, ಆ ಗುಡ್ಡದ ಆಚೆ ಕೇಳಿ. ಗುಡ್ಡದ ಆಚೆಯವರು ಈಚೆಗೆ ತೋರಿಸುತ್ತಿದ್ದರು. ಅವರ ಭಯ ನನಗೆ ಅರ್ಥವಾಗುತ್ತದೆ. ತೋಳ ಇದೆ ಅಂದರೆ ನಾಳೆ ಬೋರ್ಡ್ ಬರುತ್ತದೆ, ನಾಡಿದ್ದು ಬೇಲಿ ಬರುತ್ತದೆ, ಆಮೇಲೆ ಕುರಿ ಎಲ್ಲಿ ಮೇಯಬೇಕು?

ಅವತ್ತು ಹಟ್ಟಿಯ ಅಜ್ಜಿಯ ಮನೆಗೆ ಹೋಗಿದ್ದೆವು. ಅಜ್ಜಿ ಮೊರದ ತುಂಬ ನೆನೆಸಿದ ಅವರೆಕಾಳು ಹಾಕಿಕೊಂಡು ಹಿದುಕುತ್ತಾ ಕೂತಿದ್ದಳು. ಕೆಲಸ ಮಾಡುವವರ ಮುಂದೆ ಸುಮ್ನೆ ಕೂರೋಕಾಗುತ್ತಾ? ನಾವೂ ಕೈ ಹಾಕಿದೆವು. ಹುಡುಗಿಗೆ ಬರುತ್ತಿರಲಿಲ್ಲ. ಅವಳು ಒತ್ತಿದರೆ ಕಾಳು ಹಾರಿ ಒಲೆಯ ಬೂದಿಗೆ ಬೀಳುತ್ತಿತ್ತು. ಅಜ್ಜಿ ಅವಳ ಹೆಬ್ಬೆರಳು ಹಿಡಿದು, 'ಮೂತಿ ಕಡೆಯಿಂದ ಒತ್ಬಾರ್ದವ್ವ, ಬೆನ್ನಿನ ಕಡೆಯಿಂದ ನೂಕು' ಅಂತ ಕಲಿಸಿದಳು. ಹತ್ತು ಕಾಳಿಗೆ ಕೈ ಕುದುರಿತು. ಬೇಳೆ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ಮಾತು ಸೊಸೆಯ ಹೆರಿಗೆಗೆ ಹೋಯಿತು, ಕೊಬ್ಬರಿ ರೇಟಿಗೆ ಬಂತು, ಅಲ್ಲಿಂದ ಹಲ್ಲುನೋವಿಗೆ. ಇದ್ದಕ್ಕಿದ್ದ ಹಾಗೆ ಅಜ್ಜಿ ತಲೆ ಎತ್ತದೆ ಹೇಳಿದಳು: 'ಒಂದೀಟು ದಿನ ಆ ಹಳ್ಳದ ಕಡೀಕೆ ಹೋಗ್ಬೇಡವ್ವ. ಬಾಣಂತಿ ಅವ್ಳೆ.'

ಹುಡುಗಿ ಪಾಪ, ಹಳ್ಳದ ಆಚೆ ಯಾವುದೋ ಗುಡಿಸಲಿನಲ್ಲಿ ಹೆಂಗಸಿಗೆ ಹೆರಿಗೆಯಾಗಿದೆ ಅಂದುಕೊಂಡು, 'ಆಶಾ ಕಾರ್ಯಕರ್ತೆ ಬಂದಿದ್ರಾ ಅಜ್ಜಿ?' ಅಂತ ಕೇಳಿದಳು. ಅಜ್ಜಿ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ನಮ್ಮ ಕನ್ನಡದಲ್ಲಿ ತೋಳ ಅದು. ಬಂತು, ತಿಂತು, ಹೋಯ್ತು. ದನ ಕೂಡ ಅದು, ಮನೆ ಬೆಕ್ಕು ಕೂಡ ಅದು. ಅಜ್ಜಿ ಅವ್ಳೆ ಅಂದಿದ್ದಳು. ಬಾಣಂತಿ ಅನ್ನುವ ಪದ ಬಂದ ಮೇಲೆ 'ಐತೆ' ಅನ್ನೋಕೆ ಅವಳ ನಾಲಿಗೆ ಹೊರಳಿರಲಿಲ್ಲ.

ಆಮೇಲೆ ಒಂದೊಂದಾಗಿ ಬಂತು. ದೀಪಾವಳಿ ಕಳೆದ ಮೇಲೆ ಅವಳ ಹೊಟ್ಟೆ ಜೋತು ಬಿದ್ದಿದ್ದನ್ನು ಅಜ್ಜಿ ಸೌದೆಗೆ ಹೋದಾಗ ನೋಡಿದ್ದಳು. ಆಮೇಲೆ ಕಾಣಲಿಲ್ಲ. ಗಂಡು ಮಾತ್ರ ಮಟಮಟ ಮಧ್ಯಾಹ್ನ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಬಾಯಲ್ಲಿ ಏನೂ ಇಲ್ಲ, ಹೊಟ್ಟೆ ಮಾತ್ರ ಗುಡಾಣ. ತಿಂದಿದ್ದನ್ನು ಅಲ್ಲಿ ಹೋಗಿ ಕಕ್ಕುತ್ತದೆ, ಮರಿ ತಾಯಿ ಎಲ್ಲ ತಿಂತವೆ ಅಂತ ಅಜ್ಜಿಯೇ ಹೇಳಿದಳು. ಹುಡುಗಿ ಅದನ್ನು ಪುಸ್ತಕದಲ್ಲಿ ಓದಿ ತಿಳಿದವಳು. ಅಜ್ಜಿ ಎಲ್ಲಿ ಓದಿದ್ದಳು? 'ನೀನು ಗೂಡು ಗೂಡು ಅಂತಿದ್ದೆಯಂತಲ್ಲ. ಗೂಡು ಹಕ್ಕೀದು ಕಣವ್ವ. ಇದು ಗುದ್ದು' ಅಂತ ತಿದ್ದಿದಳು. ಮಗನಿಗೆ ಗೊತ್ತಾ ಅಂದರೆ, ಅಯ್ಯೋ ಅಂತ ಬಾಗಿಲ ಕಡೆ ನೋಡಿದಳು. ಮಗನಿಗೆ ಗೊತ್ತಾದರೆ ಗುದ್ದಿಗೆ ಹೊಗೆ ಹಾಕುತ್ತಾನೆ, ಇಲ್ಲ ಕಲ್ಲು ತುಂಬಿ ಮುಚ್ಚುತ್ತಾನೆ.

ಅಜ್ಜಿಯನ್ನು ದೇವತೆ ಮಾಡಬೇಡಿ. 'ಹ್ವಾದ ವರ್ಷ ಎಂಟು ಮರಿ ತಿಂತು ಇದೇ ಮುಂಡೇದು' ಅಂತ ಅದೇ ಉಸಿರಿನಲ್ಲಿ ಬೈದಳು. ಹಾಗಾದರೆ ಯಾಕೆ ಸುಮ್ಮನಿದ್ದೀಯ ಅಂದೆ. 'ಬಾಣಂತಿ ಮನೆಗೆ ಹೊಗೆ ಹಾಕ್ತಾರೇನೇ? ಎದ್ದು ಓಡಾಡಂಗೆ ಆಗ್ಲಿ. ಆಮೇಕೆ ಬಂದ್ರೆ ನಾಯಿ ಬಿಡ್ತೀವಿ, ದೊಣ್ಣೆ ತಗಂತೀವಿ.' ಇದರಲ್ಲಿ ಸಂರಕ್ಷಣೆಯೂ ಇಲ್ಲ, ಪ್ರೀತಿಯೂ ಇಲ್ಲ. ಜಗಳಕ್ಕೂ ಒಂದು ಹೊತ್ತಿದೆ, ಅಷ್ಟೇ.

ದಾರಿಯಲ್ಲಿ ಹುಡುಗಿ ಮಾತಾಡ­ಲಿಲ್ಲ. ಮನೆಗೆ ಬಂದ ಮೇಲೆ, ಆ ಜಾಗ ಎಲ್ಲಿದೆ ಅನ್ನುವ ನಕ್ಷೆಯ ಅಂಕಿಯನ್ನು ವರದಿಯಲ್ಲಿ ಹಾಕಬೇಕಾ ಬೇಡವಾ ಅಂತ ಅವಳ ಗೈಡ್ ಜೊತೆ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದಳು. ನಕ್ಷೆಗೆ ಹಾಕಲಿಲ್ಲ. ನಾನೂ ಇಲ್ಲಿ ಊರಿನ ಹೆಸರು ಹಾಕದೇ ಇರೋದು ಅದಕ್ಕೇ.

ಎಂಟು ಮರಿಯ ಲೆಕ್ಕ

ಆ ಎಂಟು ಮರಿಯನ್ನು ಮಾತ್ರ ನಾನು ಬಿಡಲಾರೆ. ಒಂದು ಮರಿ ಸಾಕಿ ಮಾರಿದರೆ ಆರೇಳು ಸಾವಿರ. ಎಂಟು ಅಂದರೆ ಅಜ್ಜಿಯ ಮನೆಯ ಅರ್ಧ ವರ್ಷದ ಖರ್ಚು. ಚಿರತೆ ದನ ಹಿಡಿದರೆ ಅಲ್ಲೇ ಬಿಟ್ಟು ಹೋಗುತ್ತದೆ, ಫೋಟೋ ತೆಗೆಯಬಹುದು, ಮಹಜರು ಮಾಡಬಹುದು. ತೋಳ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿಬಿಡುತ್ತದೆ. ಉಳಿಯೋದು ನಾಲ್ಕು ಹನಿ ರಕ್ತ, ಅದನ್ನೂ ನಾಯಿ ನೆಕ್ಕಿರುತ್ತದೆ. ಅಜ್ಜಿಯ ಮಗ ಪರಿಹಾರದ ಅರ್ಜಿ ಹಿಡಿದು ಎರಡು ಸಲ ಹೋಗಿದ್ದನಂತೆ. 'ಪುರಾವೆ ಎಲ್ಲಪ್ಪಾ' ಅಂದರಂತೆ. ಮೂರನೇ ಸಲ ಹೋಗಲಿಲ್ಲ. ಬಸ್ ಚಾರ್ಜೂ ಮರಿಯ ಲೆಕ್ಕಕ್ಕೇ ಸೇರುತ್ತಲ್ಲ. ಹಾಸನದಲ್ಲಿ ಫ್ಲಾಟಿನಲ್ಲಿ ಕೂತು ನಾನು ತೋಳ ಉಳಿಯಲಿ ಅಂದರೆ, ಆ ಉಳಿಯುವ ಖರ್ಚು ಯಾರ ಖಾತೆಗೆ ಬೀಳುತ್ತದೆ? ಬ್ಯಾಂಕಿನವಳು, ನನಗೆ ಇದು ಬೇಗ ಕಾಣಬೇಕಿತ್ತು.

ಅದೇ ಮಗ ಮೊಬೈಲಿನಲ್ಲಿ ನನಗೊಂದು ವಿಡಿಯೋ ತೋರಿಸಿದ. 2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್ ಕಡೆ ತೋಳ ಮಕ್ಕಳನ್ನು ಹೊತ್ತುಕೊಂಡು ಹೋದ ಸುದ್ದಿ. ಅದು ಸುಳ್ಳಲ್ಲ, ಅಲ್ಲಿನ ತಾಯಂದಿರ ದುಃಖವೂ ಸುಳ್ಳಲ್ಲ. ಆದರೆ ಆ ವಿಡಿಯೋಗೆ ಹಾಕಿದ್ದ ಸಂಗೀತ, ಕೆಂಪು ಅಕ್ಷರ, ಇನ್ಯಾವುದೋ ದೇಶದ ಹಿಮದಲ್ಲಿ ಹಲ್ಲು ಕಿರಿದ ಬಿಳಿ ತೋಳ ಎಲ್ಲ ಸೇರಿ ಅವನಿಗೆ ತನ್ನ ಹಳ್ಳದಲ್ಲಿರುವ ಪ್ರಾಣಿಯೇ ಮರೆತುಹೋಗಿತ್ತು. 'ನಿಮ್ಮ ಊರಲ್ಲಿ ಯಾವತ್ತಾದ್ರೂ ಮನುಷ್ಯರ ತಂಟೆಗೆ ಬಂದಿತ್ತಾ' ಅಂದರೆ, 'ಇಲ್ಲ, ಆದ್ರೂ' ಅಂದ. ಆ 'ಆದ್ರೂ' ದೊಡ್ಡದು. ಬ್ರಿಟಿಷರ ಕಾಲದಲ್ಲಿ ತಲೆಗಿಷ್ಟು ಅಂತ ಇನಾಮು ಕೊಟ್ಟು, 1871ರಿಂದ 1916ರ ಒಳಗೆ ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ತೋಳ ಕೊಲ್ಲಿಸಿದರು ಅಂತ ಲೆಕ್ಕವಿದೆ. ನಮ್ಮ ದೊಡ್ಡಪ್ಪನಿಗೆ ಹಾಕಿದ ಚೆಂಡುಹೂವಿನ ಹಾರ ಎಲ್ಲಿಂದ ಬಂತು ಅಂತ ಈಗ ನನಗೊಂದು ಗುಮಾನಿ.

ಇನ್ನು ನಾಯಿ. ಹುಡುಗಿಗೆ ತೋಳದ ಮುಂದಿನ ಕಾಲದ ಬಗ್ಗೆ ಇರುವ ದೊಡ್ಡ ಚಿಂತೆ ಬಂದೂಕು ಅಲ್ಲ, ಊರಾಚೆ ಕೋಳಿಯಂಗಡಿ ಕಸ ತಿಂದು ಬೆಳೆದ ನಾಯಿ ಹಿಂಡು. ಅವುಗಳ ಕಾಯಿಲೆ ತೋಳಕ್ಕೆ ಅಂಟುತ್ತದೆ. ಜೊತೆ ಸಿಗದ ತೋಳ ನಾಯಿಯ ಜೊತೆ ಸೇರುತ್ತದೆ. ಪುಣೆಯ ಹತ್ತಿರ ಹೀಗೆ ಬೆರಕೆ ಆಗಿರೋದು ಡಿಎನ್‌ಎ ಪರೀಕ್ಷೆಯಲ್ಲೇ ಗೊತ್ತಾಗಿದೆ. ಯಾರೂ ಕಲ್ಲು ಹೊಡೆಯಬೇಕಿಲ್ಲ. ನಾಲ್ಕು ತಲೆಮಾರಿಗೆ ತೋಳ ತಾನಾಗಿಯೇ ನಾಯಿ ಆಗಿಬಿಡಬಹುದು.

ದೊಡ್ಡಮ್ಮನ ಉತ್ತರ

ಹೊರಡುವ ದಿನ ಬೆಳಗ್ಗೆ ದೊಡ್ಡಮ್ಮನನ್ನು ಕೇಳಿಯೇ ಬಿಡೋಣ ಅನ್ನಿಸಿತು. ನಾನು ಜಗಲಿಯಲ್ಲಿ ಕತೆ ಹೇಳಿದ ಸಂಜೆ ಅವರು ಇರಲಿಲ್ಲ, ಬೀರೂರಿಗೆ ಮಗಳ ಮನೆಗೆ ಹೋಗಿದ್ದರು. ಈಗ ಎಂಬತ್ತಾರು ವರ್ಷ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಗಟ್ಟಿ. ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು. ಹುಡುಗಿ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಳು. 'ದೊಡ್ಡಮ್ಮ, ಆ ಹಾಳುಬಾವಿಗೆ ಬಿದ್ದ ತೋಳ ಗಂಡಾಗಿತ್ತಾ ಹೆಣ್ಣಾಗಿತ್ತಾ?' ಅಂತ ಜೋರಾಗಿ ಕೇಳಿದೆ.

ದೊಡ್ಡಮ್ಮ ರೊಟ್ಟಿ ತಿರುವಿ ಹಾಕಿದರು. 'ಯಾವ್ದು? ಮೊದಲ್ನೇದಾ, ಎರಡ್ನೇದಾ?'

ನನಗೆ ಅರ್ಥವಾಗಲಿಲ್ಲ. ಎರಡನೇದು ಯಾವುದು ಅಂದೆ.

'ಅಯ್ಯೋ, ನೀನು ಹಬ್ಬ ಮುಗಿಸ್ಕಂಡು ಅರಸೀಕೆರೆಗೆ ಹೋದಲ್ಲ, ಆಮೇಲೆ. ಅದೇ ಬಾವೀಲಿ ಇನ್ನೊಂದು ಬಿದ್ದು ಸತ್ತಿತ್ತು. ಅದಕ್ಕೆ ಯಾರೂ ಕಲ್ಲು ಹೊಡೀಲಿಲ್ಲ, ನೋಡಿದ್ದೇ ವಾಸನೆ ಬಂದ್ಮೇಲೆ. ನಿಮ್ ದೊಡ್ಡಪ್ಪ ಆವತ್ತೇ ಆಳು ಕರ್ದು ಬಾವಿ ಮುಚ್ಚಿಸ್ಬುಟ್ರು.'

ಹುಡುಗಿ ಲೋಟ ಕೆಳಗಿಟ್ಟು ನೋಟ್‌ಬುಕ್ ತೆಗೆದಳು. 'ಮೊದಲನೆಯದಕ್ಕೂ ಎರಡನೆಯದಕ್ಕೂ ಮಧ್ಯೆ ಎಷ್ಟು ದಿನ ದೊಡ್ಡಮ್ಮ? ಆ ಹೊಲದಲ್ಲಿ ಆವಾಗ ಕುರಿ ಇತ್ತಾ?'

'ಕುರಿ ಎಲ್ಲಿಂದ ಬರ್ಬೇಕು. ಮೊದಲ್ನೇದು ಬಿದ್ದ ದಿನಾನೇ ಮಂದೆ ಮನೆ ಹತ್ರಕ್ಕೆ ಹೊಡ್ಕಂಡು ಬಂದಿದ್ರು. ಎಂಟು ದಿನ ಇರ್ಬೇಕು. ಒಂಬತ್ತು.'

ನಾನು ಹುಡುಗಿಯ ಮುಖ ನೋಡಿದೆ. ಅವಳು ನನ್ನನ್ನು ನೋಡದೆ, 'ಅದರಿಂದ ಎಂತದೂ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಕತ್ತಲಲ್ಲಿ ಬಿದ್ದಿರಬಹುದು, ಅಷ್ಟೇ' ಅಂದಳು. ಬರೆಯೋದನ್ನು ಮಾತ್ರ ನಿಲ್ಲಿಸಲಿಲ್ಲ. ಎರಡು. ಒಂದೇ ಬಾವಿ. ಎಂಟರಿಂದ ಒಂಬತ್ತು ದಿನ. ಜನವರಿ. ಗಂಡು ಹೆಣ್ಣು ಅನ್ನುವ ಕಡೆ ಎರಡಕ್ಕೂ ಪ್ರಶ್ನೆ ಗುರುತು ಹಾಕಿದಳು.

'ಬಸ್ಸು ಎಷ್ಟೊತ್ತಿಗೆ ನಿಂದು?' ಅಂದರು ದೊಡ್ಡಮ್ಮ. 'ಇನ್ನೊಂದು ರೊಟ್ಟಿ ಹಾಕ್ಲಾ?'